ಎರಡು ಪಿನ್ನಿನ ವೈರು

"ಕಾಲು ಸ್ವಲ್ಪ ತಗೀರೆವಾ," ಎನ್ನುತ್ತ ಹೊಳಿಯಪ್ಪ, ಅಳುತ್ತ ಕೂತ ಹೆಂಗಸರ ತೊಡೆಗಳ ಮೇಲೆಯೇ ವೈರು ಎಳೆದುಕೊಂಡು ಪಡಸಾಲೆಯ ಪ್ಲಗ್ಗಿನ ಕಡೆ ನಡೆದ. ಅಂಗಳದಲ್ಲಿ ಅವನ ಜನರೇಟರು ಗುಡುಗುತ್ತಿತ್ತು. ಗೋಡೆಗೆ ಆನಿಸಿ ಕೂಡಿಸಿದ್ದ ಲೈನ್‌ಮನ್ ಯಮನೂರಪ್ಪನ ಹೆಣದ ಕೊರಳಲ್ಲಿ ಹೊಳಿಯಪ್ಪನೇ ತಂದ ಚೆಂಡುಹೂವಿನ ದಪ್ಪ ಮಾಲೆ. ಡೀಸೆಲ್ ವಾಸನೆಗೆ ಸೆರಗು ಮೂಗಿಗೆ ಒತ್ತಿಕೊಂಡು ಹೆಂಡತಿ ಕಸ್ತೂರೆಮ್ಮ ಹೆಣದ ಪಕ್ಕದಲ್ಲೇ ಕೂತಿದ್ದಳು.

"ಭಜನಿಗೆ ಮೈಕ್ ಬೇಕು, ಮಂದಿಗೆ ಫ್ಯಾನ್ ಬೇಕು. ಯಮನೂರಪ್ಪ ನಮ್ಮಾಂವ. ಇಷ್ಟೂ ಮಾಡದಿದ್ರ ಹೆಂಗ?" ಎಂದ ಹೊಳಿಯಪ್ಪ.

"ದೊಡ್ಡ ಮನಸ್ಸು ನಿಮ್ದು, ಸಾವ್ಕಾರ್ರ," ಎಂದ ಸತ್ತವನ ಅಣ್ಣ ಕಳಕೇಶ.

ನಿನ್ನೆ ಕರೆಂಟು ತೆಗೆಸಿಯೇ ಯಮನೂರಪ್ಪ ಕಂಬ ಹತ್ತಿದ್ದ. ಸತ್ತ ತಂತಿಗೆ ಜೀವ ಬಂದದ್ದು ಹೊಳಿಯಪ್ಪನ ಮನೆಯ ಇದೇ ಜನರೇಟರಿನಿಂದ. ಊರಿಗೆಲ್ಲ ಗೊತ್ತು. "ಆಯುಷ್ಯ ಮುಗದಿತ್ತು" ಎಂದು ಬಾಯಿ ಒರೆಸಿಕೊಂಡದ್ದೂ ಅದೇ ಊರು.

* * *

ಕಂಬದಿಂದ ಇಳಿದೊಡನೆ "ಇಳದೆ, ರೊಟ್ಟಿ ಬಡಿ" ಎಂದು ಫೋನು ಮಾಡುವುದು ಅವನ ರೂಢಿ. ಹೋದ ಶ್ರಾವಣದಲ್ಲಿ ಒಮ್ಮೆ ರೊಟ್ಟಿ ಮುರಿಯುತ್ತಲೇ ಗೊಣಗಿದ್ದ.

"ಹೊಳಿಯಪ್ಪ ವೈರಿನ ಎರಡೂ ತುದಿಗೆ ಪಿನ್ ಹಾಕ್ಯಾನ. ಒಂದು ಜನರೇಟರಿಗೆ, ಒಂದು ಗ್ವಾಡಿ ಪ್ಲಗ್ಗಿಗೆ. ಮೇನ್ ಬಂದ್ ಮಾಡೂದು ಮರತ್ರ ಕರೆಂಟು ಹಿಂದಕ ಹರದು ಟ್ರಾನ್ಸ್‌ಫಾರ್ಮರಿಗೆ ಹೋಗಿ, ಅಲ್ಲಿ ದೊಡ್ಡದಾಗಿ ನಮ್ಮ ಲೈನಿಗೆ ಏರತೈತಿ."

"ಮತ್ತೇನ್ ಮಾಡಬೇಕ್ರಿ?"

"ಚೇಂಜೋವರ್ ಸ್ವಿಚ್ ಕೂಡಸಬೇಕು. ಹ್ಯಾಂಡಲ್ ಇತ್ತ ಒಗದ್ರ ಊರ ಕರೆಂಟು, ಅತ್ತ ಒಗದ್ರ ಜನರೇಟರು. ಎರಡೂ ಕೂಡಂಗಿಲ್ಲ. ನಾನ ಬಂದು ಕೂಡಸ್ತೀನಿ ಅಂದೆ. 'ಹೊಸಾ ಬಣ್ಣದ ಗ್ವಾಡಿ ಕೊರೀಬ್ಯಾಡೋ ಮಾರಾಯಾ' ಅಂತಾನ!"

* * *

"ಹುಲಿಗೇಶ ಎಲ್ಲದಾನ?" ಕಸ್ತೂರೆಮ್ಮ ತಟ್ಟನೆ ಕೇಳಿದಳು. ಹುಲಿಗೇಶ ಗಂಡನ ಜೊತೆಗಾರ ಲೈನ್‌ಮನ್.

"ಹರದ ಲೈನ್ ಜೋಡಸಾಕ ಕಂಬ ಹತ್ಯಾನ. ಮಣ್ಣಿಗೆ ಬರ್ತೀನಿ ಅಂದಾನ," ಎಂದ ಕಳಕೇಶ.

ಹೊಳಿಯಪ್ಪ ಪಿನ್ನನ್ನು ಪ್ಲಗ್ಗಿನ ಹತ್ತಿರ ಒಯ್ದಿದ್ದ.

"ಮೇನ್ ಬಂದ್ ಮಾಡೀರೇನು?" ಎಂದಳು ಕಸ್ತೂರೆಮ್ಮ.

"ಕರೆಂಟ ಇಲ್ಲಲ್ಲವಾ ತಂಗಿ. ಬಂದ್ ಯಾಕ?"

ಕಸ್ತೂರೆಮ್ಮ ಎದ್ದಳು. "ಹೆಣದ ಬಲ್ಲಿಂದ ಏಳಬಾರದವಾ," ಎಂದು ಸೆರಗು ಹಿಡಿದವರನ್ನು ಕೊಡವಿ ಅಂಗಳಕ್ಕೆ ಓಡಿ, ಜನರೇಟರಿನ ಕಡೆಯ ಪಿನ್ನು ಕಿತ್ತೆಸೆದಳು.

"ಮಂದ್ಯಾಗ ಮಾನಾ ಕಳೀಬ್ಯಾಡ!" ಕಳಕೇಶ ಒದರಿದ.

ಅವಳು ಒಳಗೆ ಬಂದು ಗಂಡನ ಕೊರಳಿನಿಂದ ಆ ದಪ್ಪ ಮಾಲೆಯನ್ನು ತೆಗೆದಳು. ಮಂದಿ ತಾವಾಗಿಯೇ ದಾರಿ ಬಿಟ್ಟರು. ಅದನ್ನು ಒಯ್ದು, ಇನ್ನೂ ಗುಡುಗುತ್ತಿದ್ದ ಜನರೇಟರಿಗೆ ಹಾಕಿದಳು. ಕಾದ ಸೈಲೆನ್ಸರಿಗೆ ತಾಗಿ ಚೆಂಡುಹೂಗಳು ಒಂದೊಂದಾಗಿ ಚುರುಗುಟ್ಟಿ ಕರ್ರಗಾಗತೊಡಗಿದವು.