ಕಲ್ಲುಮೀನಿನ ವಾರಸುದಾರರು

ಬಾಗಿಲಿಗೆ ಮೆಟ್ಟಿಲು ಬೇಕು, ಬಟ್ಟೆ ಒಗೆಯಲು ಚಪ್ಪಡಿ ಬೇಕು. ಅಂಗಡಿಯವನು ಬೆಲೆ ಕೇಳುತ್ತಾನೆ. ಊರಾಚೆಯ ಸರ್ಕಾರಿ ಗುಡ್ಡ ಏನನ್ನೂ ಕೇಳುವುದಿಲ್ಲ. ಆ ಮೌನವನ್ನು ಊರು ಒಪ್ಪಿಗೆ ಎಂದೇ ತಿಳಿದಿತ್ತು.

ಕಲ್ಲುಕುಟಿಗನೂ ಹಾಗೆಯೇ ತಿಳಿದು ಗುಡ್ಡದಿಂದ ಒಂದು ಚಪ್ಪಡಿ ಎಬ್ಬಿಸಿ ತಂದಿದ್ದ. ಅದರಲ್ಲೊಂದು ಮೀನಿತ್ತು. ಯಾರೂ ಕೆತ್ತಿದ್ದಲ್ಲ, ಮುಳ್ಳು, ಈಜುರೆಕ್ಕೆ, ಕಣ್ಣಿನ ಗುಳಿ ಸಮೇತ ಕಲ್ಲಾಗಿಹೋದ ನಿಜವಾದ ಮೀನು. ಹಳೆಯ ವಸ್ತುಗಳ ವ್ಯಾಪಾರಿಯೊಬ್ಬ ಅದನ್ನು ಒಯ್ಯಲು ಅಂದು ಮಧ್ಯಾಹ್ನ ಬರುವವನಿದ್ದ. ಚಪ್ಪಡಿ ಇಡಿಯಾಗಿ ಕಾರಿಗೆ ಹಿಡಿಸದು. "ಎರಡು ಮಾಡಿಡು, ಆಮೇಲೆ ಅಂಟಿಸ್ಕೋತೀನಿ" ಎಂದಿದ್ದ.

ಎದುರುಮನೆಯ ಅಳತೆಯಕ್ಕ, ಅಂದರೆ ಸರ್ವೆ ಕಚೇರಿಯಲ್ಲಿ ಕೆಲಸ ಮಾಡುವಾಕೆ, ಅವನ ಅಂಗಳಕ್ಕೆ ಬರುವಷ್ಟರಲ್ಲಿ ಮೀನಿನ ಸೊಂಟಕ್ಕೆ ಅಡ್ಡಲಾಗಿ ಕಬ್ಬಿಣದ ಬೆಣೆಗಳ ಸಾಲು ಕೂತಿತ್ತು. ಒಂದು ಸುತ್ತು ಬಡಿದೂ ಆಗಿತ್ತು. ಕಲ್ಲು ಸೀಳುವವರ ಕ್ರಮವೇ ಅದು: ಬಡಿಯುವುದು, ಕಾಯುವುದು. ಮಿಕ್ಕಿದ್ದನ್ನು ಕಲ್ಲೇ ನೋಡಿಕೊಳ್ಳುತ್ತದೆ.

"ಅಣ್ಣಾ, ಸುತ್ತಿಗೆ ಕೆಳಗಿಡಿ. ಇದು ಗುಡ್ಡದ್ದಲ್ವಾ?"

"ಗುಡ್ಡ ಏನು ನಿಮ್ಮಪ್ಪಂದಾ?"

"ನಮ್ಮಪ್ಪಂದೂ ಹೌದು, ನಿಮ್ಮಪ್ಪಂದೂ ಹೌದು. ಸಾರ್ವಜನಿಕ ಜಾಗ. ಅಲ್ಲಿ ಸಿಗೋ ಪಳೆಯುಳಿಕೆನ ಅಪ್ಪಣೆ ಇಲ್ದೆ ಅಗೆಯೋದು, ಎತ್ತೋದು, ಮಾರೋದು, ಎಲ್ಲಾ ಅಪರಾಧ."

"ಸತ್ತು ಕಲ್ಲಾಗಿರೋ ಮೀನು ಕಣಕ್ಕ ಇದು. ಇದಕ್ಕೆ ವಾರಸುದಾರರು ಬರ್ತಾರಾ?"

"ಬಂದಿದೀನಲ್ಲ."

ಕಲ್ಲಿನೊಳಗೆ ಟಿಕ್ ಎಂದಿತು. ಮೂವರೂ ಅತ್ತ ತಿರುಗಿದರು. ಮೂರನೆಯವಳು ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ.

"ಸಿಕ್ಕಿಬಿದ್ರೆ ಏನಾಗುತ್ತಕ್ಕಾ?" ಎಂದಳು ಅವಳು.

"ಕೇಸಾಗುತ್ತೆ. ಇವರ ಕಲ್ಲುಕೆಲಸದ ಲೈಸೆನ್ಸೂ ಹೋಗಬಹುದು. ಕೊಂಡವನದೂ ತಪ್ಪೇ. ಆದ್ರೆ ಅವನ ಮನೆ ಎಲ್ಲಿ ಅಂತ ಯಾರಿಗೂ ಗೊತ್ತಿಲ್ಲ. ನಿಮ್ಮದು ಎಲ್ಲರಿಗೂ ಗೊತ್ತು."

"ಲೈಸೆನ್ಸ್ ಹೋದ್ರೆ ಆ ಸುತ್ತಿಗೇಲಿ ಏನ್ ಮಾಡ್ತೀಯಾ?" ಹೆಂಡತಿ ಗಂಡನತ್ತ ತಿರುಗಿದಳು. "ಸೊಳ್ಳೆ ಹೊಡೀತೀಯಾ?"

ಬೀದಿಯಲ್ಲಿ ಕಾರಿನ ಹಾರನ್ ಕೇಳಿತು. ಮತ್ತೊಂದು ಟಿಕ್. ಕೂದಲೆಳೆಯಷ್ಟು ಬಿರುಕೊಂದು ಅಂಚಿನಿಂದ ಹೊರಟು ಮೀನಿನತ್ತ ಹರಿಯತೊಡಗಿತು.

"ಬೆಣೆ ತೆಗೀರಿ ಅಣ್ಣಾ."

"ಒಂದೇ ಸಲ ಕಿತ್ರೆ ಆ ಅದುರಾಟಕ್ಕೇ ಸೀಳುತ್ತೆ. ಇಬ್ಬರೂ ಉಸಿರೆತ್ತಬೇಡಿ." ಅವನು ಮಂಡಿಯೂರಿದ. ಈ ಬದಿಯದೊಂದು, ಆ ಬದಿಯದೊಂದು ಬೆಣೆಗೆ ಪಕ್ಕದಿಂದ ಮೆಲ್ಲಗೆ ತಟ್ಟುತ್ತ ಸಡಿಲಿಸಿದ. ಸೀಳುವುದನ್ನೇ ಕಲಿತ ಕೈಗೆ ಸೀಳದಿರುವ ಕೆಲಸ ಹೊಸದು. ಬೆವರು ಮೂಗಿನ ತುದಿಯಲ್ಲಿ ನಿಂತಿತ್ತು. ಕೊನೆಯ ಬೆಣೆ ಕೈಗೆ ಬಂದಾಗ ಬಿರುಕು ಮೀನಿನ ಬೆನ್ನಿನ ಹತ್ತಿರ ನಿಂತುಬಿಟ್ಟಿತ್ತು.

ವ್ಯಾಪಾರಿ ಒಳಗೆ ಬಂದ. "ಇನ್ನೂ ಒಡೆದಿಲ್ವೇನಯ್ಯಾ?"

"ಒಡೆಯೋದಿಲ್ಲ, ಕೊಡೋದೂ ಇಲ್ಲ."

"ಬೇರೆ ಯಾರಿಗೆ ಮಾತು ಕೊಟ್ಟೆ?"

"ಊರಿಗೆ. ನಿಮ್ಮದೂ ಪಾಲಿದೆ ಸ್ವಾಮಿ, ಮ್ಯೂಸಿಯಂಗೆ ಬಂದು ನೋಡ್ಕೊಳ್ಳಿ."

ಅಳತೆಯಕ್ಕ ಆಗಲೇ ಫೋನು ಕಿವಿಗಿಟ್ಟಿದ್ದಳು. ವ್ಯಾಪಾರಿಗೆ ಬೇರೆಲ್ಲೋ ಅವಸರದ ಕೆಲಸ ನೆನಪಾಯಿತು.

ಮರುದಿನ ಅಧಿಕಾರಿಗಳು ಬಂದರು. ಕಲ್ಲುಕುಟಿಗನಿಗೆ ಬೈಗುಳ ಪೂರ್ತಿ ಸಿಕ್ಕಿತು. ತಾನಾಗಿಯೇ ಒಪ್ಪಿಸಿದನೆಂದು ಲೈಸೆನ್ಸ್ ಉಳಿಯಿತು. ಚಪ್ಪಡಿ ಎಬ್ಬಿಸಿದ ಜಾಗವನ್ನು ಅವನೇ ತೋರಿಸಿದ. ಅಲ್ಲಿ ಮೀನುಗಳ ಹಿಂಡೇ ಇತ್ತು. ಎಲ್ಲಿ, ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿ ಮಲಗಿತ್ತು ಎಂಬುದು ಗೊತ್ತಾದರೇ ಪಳೆಯುಳಿಕೆ ಬಾಯಿಬಿಡುವುದು ಎಂದರು ಅವರು. ಕಿತ್ತು ತಂದ ಮೀನು ಅರ್ಧ ಮೂಗ.

ಓದುತ್ತಿರುವವರೇ, ಕೇಳುತ್ತಿರುವವರೇ, ನಾಳೆ ನಿಮ್ಮ ಕಾಲಿಗೂ ಇಂಥದ್ದು ತಾಗಬಹುದು. ಮುಟ್ಟಬೇಡಿ, ಅಗೆಯಬೇಡಿ, ತೊಳೆಯಲೂ ಬೇಡಿ. ಫೋಟೋ ತೆಗೆಯಿರಿ, ಜಾಗ ಗುರುತಿಟ್ಟುಕೊಳ್ಳಿ, ಹತ್ತಿರದ ಸರ್ಕಾರಿ ಕಚೇರಿಗೋ ಮ್ಯೂಸಿಯಂಗೋ ತಿಳಿಸಿ. ನಿಯಮಗಳು ಎಲ್ಲ ಕಡೆ ಒಂದೇ ಥರ ಇರುವುದಿಲ್ಲ, ಕೇಳಿ ತಿಳಿದುಕೊಳ್ಳಿ. ಅಷ್ಟು ಕಾಲ ಕಾದ ಮೀನು ನಿಮ್ಮ ಒಂದು ಫೋನಿಗೆ ಕಾಯುತ್ತದೆ.