ಓದಿ ಹೇಳಲಾಗಿದೆ

ಮೇಜಿನ ಮೇಲಿನ ಫೋನು ಮತ್ತೆ ಹೊಡೆದುಕೊಳ್ಳತೊಡಗಿತು. ಸಿರಿ ಡೈರಿಯ ಸಾಲನ್ನು ಅರ್ಧಕ್ಕೇ ಬಿಟ್ಟು ಅದನ್ನೇ ನೋಡಿದಳು. ‘ಮೂರು ಸಲ ಹೊಡೆದುಕೊಳ್ಳುವ ತನಕ ಎತ್ತುವುದಕ್ಕೆ ಕೈ ಬರುವುದಿಲ್ಲ. ಎತ್ತಿದರೂ ದನಿ ಗಂಟಲು ದಾಟುವುದಿಲ್ಲ. ದೂರು ಕೇಳುವ ಕೆಲಸಕ್ಕೆ ಇಂಥವಳನ್ನು ಇಟ್ಟುಕೊಂಡಿದ್ದೇವೆ ಅಂತ ಇವರಿಗೆ ಗೊತ್ತಾದರೆ’ ಎಂಬಲ್ಲಿಗೆ ಪೆನ್ನು ನಿಂತಿತ್ತು.

ನಾಲ್ಕನೆಯ ಸಲಕ್ಕೆ ಎತ್ತಿದಳು.

“ಅಲೋ... ಅಲೋ... ಒಸಿ ಜೋರಾಗ್ ಮಾತಾಡವ್ವ, ಉಂಡಿಲ್ವಾ ಬೆಳಿಗ್ಗೆಯಿಂದ?” ಎಂದಿತು ಆ ಕಡೆಯ ಗಂಡುದನಿ. ಯಾವುದೋ ಬೀದಿಯ ಲೈಟು ಕೆಟ್ಟಿತ್ತು. ಬರೆದುಕೊಂಡಳು.

ನಗರಸಭೆಯ ದೂರು ವಿಭಾಗಕ್ಕೆ ಅವಳು ಗುತ್ತಿಗೆಯ ಮೇಲೆ ಸೇರಿ ಹದಿನಾಲ್ಕು ತಿಂಗಳಾಗಿತ್ತು. ಬಿ.ಎ. ಮುಗಿಸಿದ ಹುಡುಗಿ ಕಬ್ಬಾಳಿನಿಂದ ದಿನಾ ಬಸ್ಸು ಹತ್ತಿ ಬಂದು ಕಂಪ್ಯೂಟರಿನ ಮುಂದೆ ಕೂರುತ್ತಿದ್ದಳು. ‘ಹಾರೋಹಳ್ಳಿ ಫ್ಯಾಕ್ಟರೀಲಿ ನಿಂತ್ಕಂಡು ಸಾಯೋದಕ್ಕಿಂತ ನೆಳ್ಳಲ್ಲಿ ಕೂರೋ ಕೆಲ್ಸ ಕಣೆ, ಬಾಯಿ ಮುಚ್ಕಂಡ್ ಮಾಡು’ ಎಂದಿದ್ದಳು ಅವ್ವ. ಬಾಯಿ ಮುಚ್ಚಿಕೊಳ್ಳುವುದನ್ನು ಸಿರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎಂಜಿನಿಯರ್ ಕೆಂಪರಾಜು ಅವಳ ಮೇಜು ದಾಟಿ ಹೋಗುವಾಗಲೆಲ್ಲ, “ನಮ್ ಸಿರಿ ಬಾಯ್ ಬಿಟ್ಳು ಅಂದ್ರೆ ಅವತ್ತು ಮಳೆ ಗ್ಯಾರಂಟಿ ಕಣ್ರಪ್ಪ!” ಎಂದು ಎಲ್ಲರಿಗೂ ಕೇಳುವ ಹಾಗೆ ನಗುತ್ತಿದ್ದ. ಅವಳೂ ನಗುತ್ತಿದ್ದಳು. ಅವನು ಕೆಟ್ಟವನಲ್ಲ ಎಂದೇ ಡೈರಿಯಲ್ಲಿ ಬರೆದುಕೊಂಡಿದ್ದಳು.

ಇವತ್ತು ಹನ್ನೊಂದು ಗಂಟೆಗೆ ವಿಚಾರಣೆಯಿತ್ತು. ಅವಳು ಡೈರಿಯ ಪುಟಗಳನ್ನು ಹಿಂದಕ್ಕೆ ತಿರುವಿದಳು. ಮೇ ಆರು.

ಮಳೆಗಾಲಕ್ಕೆ ಮುಂಚೆ ಮೋರಿಯ ಹೂಳೆತ್ತುವುದಕ್ಕೆ ಒಂದು ಕ್ರಮವಿದೆ. ಚಪ್ಪಡಿ ಎತ್ತಿ ಗೋಡೆಗೆ ಒರಗಿಸಬೇಕು. ಹೂಳನ್ನು ಬಾಚಿ ಮೋರಿಯ ಅಂಚಿನಲ್ಲೇ ಗುಡ್ಡೆ ಹಾಕಬೇಕು. ಹಸಿಯಾಗಿ ತುಂಬಿದರೆ ದಾರಿಯುದ್ದಕ್ಕೂ ಸುರಿಯುತ್ತದೆಂದು ನಾಲ್ಕು ದಿನ ಒಣಗಲು ಬಿಟ್ಟು, ಆಮೇಲೆ ಟ್ರ್ಯಾಕ್ಟರು ಬಂದು ಹೊತ್ತುಕೊಂಡು ಹೋಗಬೇಕು. ಚಪ್ಪಡಿ ಮುಚ್ಚುವುದು ಅದಾದ ಮೇಲೆ. ಆದರೆ ಫೋಟೊ ತೆಗೆಯುವುದು ಹೂಳೆತ್ತಿದ ದಿನವೇ. ಫೋಟೊ ಏರಿಸಿದರೆ ಕಂಪ್ಯೂಟರಿನಲ್ಲಿ ಕೆಂಪಗಿದ್ದ ದೂರು ಹಸಿರಾಗುತ್ತದೆ. ಹಸಿರಾದದ್ದು ಮತ್ತೆ ಯಾರ ಕಣ್ಣಿಗೂ ಬೀಳುವುದಿಲ್ಲ. ಟ್ರ್ಯಾಕ್ಟರಿನ ಕಣ್ಣಿಗೂ.

ಅವತ್ತು ಮಧ್ಯಾಹ್ನ ಮುನಿಯಪ್ಪ ಅವಳ ಕಿಟಕಿಯ ಹತ್ತಿರ ಬಂದು ನಿಂತಿದ್ದ. ಹದಿನೆಂಟು ವರ್ಷದಿಂದ ಮೋರಿಗಿಳಿಯುತ್ತಿದ್ದ ಆಳು. ಕಾಯಂ ಆಗುವವರ ಪಟ್ಟಿಯಲ್ಲಿ ಈ ವರ್ಷ ಅವನ ಹೆಸರು ಬಂದಿತ್ತು. ಮೊಣಕಾಲಿನ ತನಕ ಕಪ್ಪು ಕೆಸರು, ಮೈಯಿಂದ ಕೊಳೆತ ರೇಷ್ಮೆಹುಳದ ವಾಸನೆ. ಗೂಡು ಬೇಯಿಸಿ ನೂಲು ತೆಗೆಯುವ ಮನೆಗಳ ಗಲ್ಲಿಯಲ್ಲಿ ಕೆಲಸ ಮಾಡಿದವರಿಗೆಲ್ಲ ಅದೇ ವಾಸನೆ. ಅದಕ್ಕೇ ಅವನು ಒಳಗೆ ಬರುತ್ತಿರಲಿಲ್ಲ.

“ಸಿರವ್ವ, ನೂಲಿನ ಗಲ್ಲೀಲಿ ಎಲ್ಡು ಚಪ್ಪಡಿ ತಗ್ದಿವ್ನಿ ಕಣವ್ವ. ತಗ್ಯಕ್ಕೇನೋ ಹಾರೆ ಹಾಕಿ ಮೀಟುದ್ವಿ. ಮುಚ್ಚಕ್ಕೆ ನಾಕಾಳ್ ಬೇಕು, ನಾವಿಬ್ರೇ ಇರೋದು. ಒಸಿ ಸಾಹೇಬ್ರಿಗೆ ಹೇಳ್ಬುಡು. ನಾ ಹೇಳುದ್ರೆ ಬಯ್ತರೆ.”

ಸಿರಿ ತಲೆಯಾಡಿಸಿದಳು.

“ತಲೆ ಆಡ್ಸುದ್ರೆ ಆಗಕಿಲ್ಲ, ಬರ್ಕೊ ತಾಯಿ,” ಎಂದು ಅವನು ನಕ್ಕಿದ್ದ.

ಬರೆದುಕೊಂಡಳು. ಕಂಪ್ಯೂಟರಿನಲ್ಲಿ ಅದಕ್ಕೆ ಜಾಗವಿರಲಿಲ್ಲ, ಡೈರಿಯಲ್ಲಿ ಬರೆದುಕೊಂಡಳು. ಆಮೇಲೆ ಎದ್ದು ಹೋಗಿ ಕೆಂಪರಾಜುವಿನ ಕೋಣೆಯ ಬಾಗಿಲಲ್ಲಿ ನಿಂತಳು. ಅವನೇ ಮೊದಲು ಮಾತಾಡಿದ.

“ಬಾಮ್ಮ. ನೂಲಿನ ಗಲ್ಲಿ ಫೋಟೊ ನೋಡ್ದೆ. ಗೋಡೆಗೆ ಒರಗ್ಸಿರೋ ಚಪ್ಪಡಿ ಕಾಣ್ತೈತಲ್ಲ, ಅಷ್ಟು ಭಾಗ ಕತ್ತರ್ಸಿ ಹಾಕು. ಗ್ರೀನ್ ಮಾಡ್ಬುಡು, ಸಂಜೆಗೆ ರಿಪೋರ್ಟ್ ಹೋಗ್ಬೇಕು.”

“ಸಾರ್...”

“ಏನು, ಹೇಳು.”

“ಏನಿಲ್ಲ ಸಾರ್.”

ಮೇಜಿಗೆ ಬಂದು ಚಪ್ಪಡಿಯನ್ನು ಕತ್ತರಿಸಿದಳು. ಒಂದು ಬೆರಳಿನ ಕೆಲಸ. ಉಳಿದ ಚಿತ್ರದಲ್ಲಿ ಮೋರಿ ಬಹಳ ಚೊಕ್ಕಟವಾಗಿ ಕಾಣುತ್ತಿತ್ತು.

ವಾರದ ಮೇಲೆ ಆ ಗಲ್ಲಿಯಿಂದ ಜೈನಬ್ ಎಂಬ ಹೆಂಗಸು ಫೋನ್ ಮಾಡಿದಳು. “ಅಮ್ಮಾ, ಮೋರಿ ಮೇಲಿನ ಕಲ್ಲು ತೆಗ್ದು ಹಾಗೇ ಬಿಟ್ಟಿದಾರೆ. ನಮ್ ಮಾವಂಗೆ ಕಣ್ಣು ಸರಿಯಾಗಿ ಕಾಣ್ಸಲ್ಲ, ಇದೇ ದಾರೀಲಿ ಓಡಾಡ್ತಾರೆ.”

“ಆಗಿದೆ ಅಂತ ತೋರಿಸ್ತಿದೆ,” ಎಂದಿದ್ದಳು ಸಿರಿ.

“ತೋರಿಸ್ತಿದೆಯಾ? ಎಲ್ಲಿ ತೋರಿಸ್ತಿದೆ ಅಮ್ಮಾ? ನಾನು ಬಾಗಿಲಲ್ಲೇ ನಿಂತಿದೀನಲ್ಲ!”

ಮೇ ಇಪ್ಪತ್ತೊಂದರ ಸಂಜೆ ಮುಕ್ಕಾಲು ಗಂಟೆ ಮಳೆ ಸುರಿಯಿತು. ಒಣಗಿದ ಹೂಳು ಕರಗಿ ಮೋರಿಗೇ ಇಳಿಯಿತು. ನೀರು ಮೇಲಕ್ಕೆ ಉಕ್ಕಿ ಮೋರಿಯೂ ರಸ್ತೆಯೂ ಒಂದೇ ಬಣ್ಣದ ಒಂದೇ ಮಟ್ಟವಾಯಿತು. ನೂಲು ತೆಗೆಯುವ ಕೆಲಸ ಮುಗಿಸಿ ಮನೆಗೆ ಹೊರಟಿದ್ದ ಜೈನಬ್‌ಳ ಮಾವ ಇಮಾಮ್ ಸಾಬ್ ಸ್ವಂತ ಬಾಗಿಲಿಗೆ ಆರು ಹೆಜ್ಜೆ ಇರುವಾಗ ಕಾಲಿಟ್ಟದ್ದು ಚಪ್ಪಡಿಯಿಲ್ಲದ ಕಡೆ. ಮಾರನೆಯ ದಿನ ಮೋರಿ ಹೊಳೆಗೆ ಸೇರುವಲ್ಲಿನ ಮುಳ್ಳುಪೊದೆಯಲ್ಲಿ ಸಿಕ್ಕಿದರು. ತೋರುಬೆರಳಿಗೆ ರೇಷ್ಮೆಯ ಎಳೆ ಸುತ್ತಿಕೊಂಡೇ ಇತ್ತಂತೆ. ಅವತ್ತಿನ ಪುಟದಲ್ಲಿ ಸಿರಿ ತಾರೀಕು ಮಾತ್ರ ಬರೆದಿದ್ದಳು.

ಅವಳು ಡೈರಿ ಮುಚ್ಚಿ ಸಭಾಂಗಣಕ್ಕೆ ಹೋದಳು. ಜಿಲ್ಲೆಯಿಂದ ಬಂದ ಅಧಿಕಾರಿ ಇನ್ನೂ ಅಧ್ಯಕ್ಷರ ಕೋಣೆಯಲ್ಲಿ ಕಾಫಿ ಕುಡಿಯುತ್ತಿದ್ದರು. ಅಷ್ಟರಲ್ಲಿ ಮುಗಿಸಬೇಕೆಂದು ಕೆಂಪರಾಜು ಅವಳ ಹಿಂದೆ ನಿಂತು ಹೇಳುತ್ತ ಹೋದ, ಅವಳು ಟೈಪು ಮಾಡುತ್ತ ಹೋದಳು. ‘ಮುನಿಯಪ್ಪ ಆದ ನಾನು ಈ ಮೂಲಕ ನೀಡುವ ಹೇಳಿಕೆ ಏನೆಂದರೆ... ಸದರಿ ಚಪ್ಪಡಿಗಳನ್ನು ತೆಗೆದ ವಿಷಯವನ್ನು ನಾನು ಯಾರಿಗೂ ತಿಳಿಸಿರುವುದಿಲ್ಲ... ನನ್ನ ನಿರ್ಲಕ್ಷ್ಯದಿಂದಲೇ... ಓದಿ ಹೇಳಲಾಗಿದೆ, ಕೇಳಿದೆ, ಸರಿಯಿದೆ.’ ಬೆರಳುಗಳು ಎಲ್ಲೂ ತಡೆಯಲಿಲ್ಲ. ಟೈಪು ಮಾಡುವುದಕ್ಕೆ ದನಿ ಬೇಕಾಗಿರಲಿಲ್ಲ.

ಮುನಿಯಪ್ಪ ಚಪ್ಪಲಿ ಹೊರಗೆ ಬಿಟ್ಟು ಬಾಗಿಲಿನ ಪಕ್ಕ ನಿಂತಿದ್ದ. ಮಿಂದು ಬಂದಿದ್ದ, ಬಿಳಿ ಅಂಗಿ ತೊಟ್ಟಿದ್ದ.

“ಹೆಬ್ಬೆಟ್ ಒತ್ತ್ಬುಡ್ಲಾ,” ಎಂದ ಕೆಂಪರಾಜು ತಗ್ಗಿದ ದನಿಯಲ್ಲಿ. “ಆರ್ ತಿಂಗ್ಳು ಮನೇಲಿರು. ಆಮ್ಯಾಕೆ ನಾನ್ ನೋಡ್ಕತೀನಿ.”

“ಪಟ್ಟೀಲಿ ನನ್ನೆಸ್ರು ಇರ್ತದಾ ಸಾಮಿ?”

ಕೆಂಪರಾಜು ಕಿಟಕಿಯ ಕಡೆ ತಿರುಗಿದ. “ಮೊದ್ಲು ಇದು ಮುಗೀಲಿ ಕಣಪ್ಪ.”

ಅಧಿಕಾರಿ ಬಂದು ಕೂತರು. ಅವರ ಹಿಂದೆಯೇ ಜೈನಬ್ ಬಂದು ಕೂತಳು. ಕಪ್ಪು ಬುರ್ಖಾ, ಮಡಿಲಲ್ಲಿ ಪ್ಲಾಸ್ಟಿಕ್ ಕವರಿನಲ್ಲಿಟ್ಟ ಮರಣ ಪ್ರಮಾಣಪತ್ರ. ಸಿರಿ ಆಕೆಯ ಮುಖವನ್ನು ನೋಡಿದ್ದು ಅದೇ ಮೊದಲು. ತನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು, ಅಷ್ಟೇ.

ಅಧಿಕಾರಿ ಹಾಳೆಯ ಮೇಲೆ ಕಣ್ಣಾಡಿಸಿದರು. “ಓದಿ ಹೇಳಿ ಆಯ್ತಾ ಇವನಿಗೆ?”

“ಆಯ್ತು ಸಾರ್,” ಎಂದ ಕೆಂಪರಾಜು.

“ನನ್ನ ಎದುರಿಗೆ ಓದಲಿ. ಓದು ಬಾರದವರ ಹೇಳಿಕೆ ಇದು. ಟೈಪ್ ಮಾಡಿದವರು ಯಾರು?”

ಎಲ್ಲರೂ ಅವಳ ಕಡೆ ನೋಡಿದರು. “ಸಾರ್, ನಮ್ ಸಿರಿ ಬಾಯ್ ಬಿಟ್ರೆ ಮಳೆ...” ಎಂದು ಶುರುಮಾಡಿದ ಕೆಂಪರಾಜು ಜೈನಬ್‌ಳನ್ನು ಕಂಡು ಅಲ್ಲಿಗೇ ನಿಲ್ಲಿಸಿದ.

ಸಿರಿ ಹಾಳೆ ಹಿಡಿದು ಎದ್ದಳು. ಜವಾನ ಶಾಯಿಯ ಡಬ್ಬಿ ತೆರೆದು ಮುನಿಯಪ್ಪನ ಎಡಗೈ ಹೆಬ್ಬೆರಳನ್ನು ಅದರಲ್ಲಿ ಒತ್ತಿಸಿದ. ಅದಕ್ಕೇನು ಅಷ್ಟು ಅವಸರವಿತ್ತೋ.

“ಓದು ತಾಯಿ,” ಎಂದ ಮುನಿಯಪ್ಪ. “ನೀ ಬರ್ದಿದ್ರೆ ಸರಿಯಾಗೇ ಇರ್ತದೆ.”

“ಮುನಿಯಪ್ಪ ಆದ ನಾನು...” ಎಂದು ಆರಂಭಿಸಿದಳು.

“ಜೋರಾಗಿ,” ಎಂದರು ಅಧಿಕಾರಿ.

“ಮುನಿಯಪ್ಪ ಆದ ನಾನು ಈ ಮೂಲಕ ನೀಡುವ ಹೇಳಿಕೆ ಏನೆಂದರೆ...”

ಮಡಿಲಿನ ಕವರು ಸದ್ದು ಮಾಡಿತು. ಜೈನಬ್ ತಲೆಯೆತ್ತಿದ್ದಳು. ಮುಖ ನೋಡುತ್ತಿರಲಿಲ್ಲ, ಕಿವಿಗೊಟ್ಟು ಕೇಳುತ್ತಿದ್ದಳು. ಹುಬ್ಬುಗಳು ಮೆಲ್ಲಗೆ ಹತ್ತಿರವಾದವು. ಆಮೇಲೆ ನೋಡಿದಳು. ಗೊತ್ತಾಯಿತು ಅವಳಿಗೆ, ಈ ದನಿ ಯಾರದೆಂದು.

ಸಿರಿ ಓದಿದಳು. ದಿನಾಂಕ ಓದಿದಳು, ಗಲ್ಲಿಯ ಹೆಸರು ಓದಿದಳು, ಚಪ್ಪಡಿಗಳು ಎರಡು ಎಂದು ಓದಿದಳು. ಮುಂದಿನ ಸಾಲಿಗೆ ಬಂದಾಗ ಅಕ್ಷರಗಳು ಅಲ್ಲೇ ಇದ್ದವು, ನೆಟ್ಟಗೆ, ಒಂದೂ ತಪ್ಪಿಲ್ಲದೆ. ತಾನೇ ಹೊಡೆದದ್ದು.

“ಸದರಿ ಚಪ್ಪಡಿಗಳನ್ನು ತೆಗೆದ ವಿಷಯವನ್ನು...”

ಹೊರಗೆ ಅವಳ ಮೇಜಿನ ಮೇಲೆ ಫೋನು ಹೊಡೆದುಕೊಳ್ಳತೊಡಗಿತು. ಒಂದು ಸಲ. ಎರಡು ಸಲ.

“ಮುಂದಕ್ಕೆ ಓದಮ್ಮ,” ಎಂದ ಕೆಂಪರಾಜು.

ಮುನಿಯಪ್ಪ ಹೆಬ್ಬೆರಳನ್ನು ಬಿಳಿ ಅಂಗಿಗೆ ತಾಕದ ಹಾಗೆ ಗಾಳಿಯಲ್ಲಿ ಹಿಡಿದುಕೊಂಡು ಕಾಯುತ್ತಿದ್ದ. ಸಿರಿ ಹಾಳೆಯನ್ನು ಕೆಳಗಿಳಿಸಿದಳು.

“ನನಗೆ ಹೇಳಿದ್ರು ಸಾರ್,” ಎಂದಳು. ಆ ದನಿ ಬಾಗಿಲಿನಾಚೆಗೂ ಕೇಳಿಸಿತು. “ಮುನಿಯಪ್ಪಣ್ಣ ಅವತ್ತೇ ಬಂದು ನನಗೆ ಹೇಳಿದ್ರು.”