ಸಿಹಿನೀರಿಗೆ ಬಂದ ಮೊಸಳೆ

೧೯೭೩ರ ಬೇಸಿಗೆಯಲ್ಲಿ ತಿರ್ಲಾಪುರದಾಚೆಯ ಹಳ್ಳ ಹರಿಯುವುದು ನಿಂತು ಒಂದು ಮಡು ಮಾತ್ರ ಉಳಿಯಿತು. ಹಿಂದಿನ ನೆರೆಯಲ್ಲಿ ಮಲಪ್ರಭೆಯಿಂದ ಏರಿ ಬಂದ ಮೊಸಳೆಯೊಂದು ಅದರಲ್ಲಿ ಸಿಕ್ಕಿಕೊಂಡಿತ್ತು. ನೀರು ಇಂಗಿದಷ್ಟೂ ಎರೆಮಣ್ಣಿನ ಉಪ್ಪು ಏರಿ, ದಂಡೆ ಸುಣ್ಣ ಬಳಿದಂತೆ ಬೆಳ್ಳಗಾಯಿತು.

ದಂಡೆಯ ಹೊಲದ ಕಸ್ತೂರೆವ್ವ ಮೊಸಳೆಯನ್ನು ದಿನಾ ನೋಡುತ್ತಿದ್ದಳು. ಅದರ ಕುತ್ತಿಗೆಯ ಚರ್ಮ ಜೋತುಬಿದ್ದಿತ್ತು, ಕಣ್ಣು ಗುಳಿಬಿದ್ದಿದ್ದವು. ಅವಳ ಗಂಡ ಮಡಿವಾಳೆಪ್ಪ ಸತ್ತ ಆಡಿನ ಮರಿಯೊಂದನ್ನು ಎಸೆದ. ಮೊಸಳೆ ಮೂಸಿ, ತಿನ್ನದೆ ಬಿಟ್ಟಿತು.

ಹೈಸ್ಕೂಲಿನ ವಿಜ್ಞಾನದ ಮಾಸ್ತರ ಪ್ರಭಂಜನ ಮಡುವಿನ ನೀರನ್ನು ನಾಲಿಗೆಗೆ ಹಚ್ಚಿ ಉಗುಳಿದರು.

"ಇದು ಹೊಳಿ ಮೊಸಳಿ. ಇಷ್ಟು ಉಪ್ಪು ಮೈಯಿಂದ ಹೊರಗ ಹಾಕೂ ಶಕ್ತಿ ಇದಕ್ಕಿಲ್ಲ. ತಿಂದ್ರ ನೀರಡಿಕಿ ಇನ್ನೂ ಹೆಚ್ಚಾಗತದ, ಅದಕ್ಕ ತಿನ್ನೂದ ಬಿಟ್ಟದ. ಸಿಹಿನೀರು ಸಿಗದಿದ್ರ ಒಳಗಿಂದನ ಒಣಗಿ ಸಾಯ್ತದ."

"ಹಂಗಾರ ಏನ್ ಮಾಡೂಣ್ರಿ ಮಾಸ್ತರ?" ಎಂದ ಮಡಿವಾಳೆಪ್ಪ.

"ಹಿಡದು ಮಲಪ್ರಭಾಕ್ಕ ಬಿಡೂಣು."

ಹಿಡಿಯಲು ಜನ ಕೂಡುವ ಮೊದಲೇ ಮೊಸಳೆ ಹತ್ತಿಯ ಹೊಲಗಳನ್ನು ದಾಟಿ ಊರ ಕುಡಿಯುವ ನೀರಿನ ಕೆರೆಗೆ ಬಂದುಬಿಟ್ಟಿತು. ಬೆಳಿಗ್ಗೆ ಕೊಡ ಹಿಡಿದು ಹೋದ ಹೆಂಗಸರು ಕಂಡದ್ದು, ಕೊನೆಯ ಮೆಟ್ಟಿಲ ಮೇಲೆ ಬಿದ್ದು ನೀರು ಕುಡಿಯುತ್ತಿದ್ದ ಮೊಸಳೆಯನ್ನು. ಊರಿಗಿದ್ದ ಸಿಹಿನೀರು ಅದೊಂದೇ. ಪಂಚಾಯ್ತಿಯ ಶಂಕ್ರಪ್ಪ ಕೊಡಲಿಯವರನ್ನು ಕರೆದುಕೊಂಡು ಬಂದ.

ಪ್ರಭಂಜನ ಅಡ್ಡ ನಿಂತರು. "ಶಂಕ್ರಪ್ಪ, ತಡೀರಿ. ಅದರಾಗ ಜೀವಾನ ಉಳದಿಲ್ಲ. ಕುಡೀಲಿ, ಆಮ್ಯಾಲೆ ಹಗ್ಗ ಹಾಕೂಣು."

ಶಂಕ್ರಪ್ಪ ಗೊಣಗುತ್ತಲೇ ಒಪ್ಪಿದ. ಮೊಸಳೆ ಬಹಳ ಹೊತ್ತು ಕುಡಿಯಿತು. ಆಮೇಲೆ ಮಡಿವಾಳೆಪ್ಪ ಹಗ್ಗ ಹಿಡಿದು ಇಳಿದ. ಅವನು ಬಗ್ಗುವಷ್ಟರಲ್ಲಿ ಅದು ಮೈ ತಿರುವಿ ಅವನ ಬಲಗೈಯನ್ನು ಕಚ್ಚಿ ಹಿಡಿಯಿತು. ಕಸ್ತೂರೆವ್ವ ಕೊಡ ಬಿಸುಟು ಗಂಡನ ಸೊಂಟ ಹಿಡಿದು ಎಳೆದಳು. ಕೊಡಲಿಗಳು ಒಂದರ ಮೇಲೊಂದು ಬಿದ್ದವು. ಸತ್ತ ಮೇಲೂ ದವಡೆ ಬಿಡಿಸಲು ಹಾರೆ ಹಾಕಬೇಕಾಯಿತು. ಕೆರೆಯ ಅಂಚು ಕೆಂಪಾಯಿತು.

ಮಡಿವಾಳೆಪ್ಪನನ್ನು ಟ್ರ್ಯಾಕ್ಟರಿನಲ್ಲಿ ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ದರು. ಕೈಯನ್ನು ಮೊಣಕೈ ಮೇಲೆ ಕತ್ತರಿಸಿದರು.

ಆಸ್ಪತ್ರೆಯ ವರಾಂಡದಲ್ಲಿ ಕಸ್ತೂರೆವ್ವ ಮಾಸ್ತರರನ್ನು ಕೇಳಿದಳು. "ಜೀವಾನ ಇಲ್ಲ ಅಂದಿದ್ರೆಲ್ರಿ?"

"ಸಿಹಿನೀರು ಕುಡದು ಬಲ ಬಂತವ್ವಾ. ಅಷ್ಟು ಲಗೂನ ಬರತದ ಅಂತ ನನಗ ಹೊಳೀಲಿಲ್ಲ."

ಅವಳು ಎದ್ದು ಗಂಡ ಮಲಗಿದ್ದ ಕೋಣೆಗೆ ನಡೆದಳು.

ಮುಂಗಾರು ಬಿದ್ದಾಗ ಪ್ರಭಂಜನ ಮಡಿವಾಳೆಪ್ಪನ ಹೊಲಕ್ಕೆ ಬಂದು ಚಪ್ಪಲಿ ಬಿಟ್ಟು ಬಿತ್ತುವ ಕೂರಿಗೆ ಹಿಡಿದರು. ಕಸ್ತೂರೆವ್ವ ಉಡಿ ಕಟ್ಟಿಕೊಂಡಳು. ಹಿಂದೆ ನಡೆಯುತ್ತ ಬೀಜ ಬಿಟ್ಟಳು. ಸಾಲು ಸೊಟ್ಟಸೊಟ್ಟ ಹೋಯಿತು. ಬದುವಿನ ಮೇಲೆ ಕೂತಿದ್ದ ಮಡಿವಾಳೆಪ್ಪ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಎದ್ದು ಬಂದು, ಎಡಗೈಯಿಂದ ಎತ್ತಿನ ಹಗ್ಗ ಹಿಡಿದು ಮುಂದೆ ನಡೆದ.